ರೇಡಿಯೇಷನ್ ಆದ ಮೇಲೂ ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಮತ್ತೆ ಬಂದರೆ ಮಾತು ಉಳಿಸಿಕೊಳ್ಳಬಹುದಾ?

ನಿಮ್ಮ ತಂದೆಗೆ ರೇಡಿಯೇಷನ್ ಆಗಿ ವರ್ಷಕ್ಕೆ ಗಂಟಲಲ್ಲಿ ಕ್ಯಾನ್ಸರ್ ಮತ್ತೆ ಬಂದಿದೆ, ಧ್ವನಿಪೆಟ್ಟಿಗೆ ಪೂರ್ತಿ ತೆಗೀಬೇಕು ಅಂದಿದ್ದಾರೆ, ಬೇರೆ ದಾರಿ ಇದೆಯಾ ಅಂತ ಕೇಳಿದ್ದೀರಿ. ಎಲ್ಲರಿಗೂ ಇಲ್ಲ, ಕೆಲವರಿಗೆ ಇದೆ. ನಮ್ಮಪ್ಪನಿಗೆ ಇತ್ತು.

ಅಪ್ಪ ಬಸ್ ಕಂಡಕ್ಟರ್ ಆಗಿದ್ದವರು. 33 ಸಲ ರೇಡಿಯೇಷನ್ ಆಗಿತ್ತು. 14 ತಿಂಗಳಿಗೆ ಸ್ವರ ಮತ್ತೆ ಒಡೆಯಿತು. ರೇಡಿಯೇಷನ್ನಿನ ಊತ ಇರಬೇಕು ಅಂತ ಸುಮ್ನೆ ಎರಡು ತಿಂಗಳು ಕಳೆದೆವು. ಆ ತಪ್ಪು ನೀವು ಮಾಡಬೇಡಿ.

ಮೊದಲು ತೋರಿಸಿದ ಕಡೆ ಪೂರ್ತಿ ತೆಗೆಯೋಣ ಅಂದರು. ಆಮೇಲೆ ಇಂಥ ಆಪರೇಷನ್ ಜಾಸ್ತಿ ಮಾಡುವ ಸರ್ಜನ್ ಹತ್ತಿರ ಹೋದೆವು. ಧ್ವನಿಪೆಟ್ಟಿಗೆಯ ತಳದಲ್ಲಿ ಕ್ರಿಕಾಯ್ಡ್ ಅನ್ನುವ ಉಂಗುರ ಇದೆ. ಅದರ ಹಿಂದುಗಡೆ ಅಲುಗಾಡುವ ಎರಡು ಪುಟ್ಟ ಮೂಳೆಯಂಥವು ಇವೆ. ಉಂಗುರಕ್ಕೆ ಗಡ್ಡೆ ತಾಗಿರಬಾರದು, ಎರಡರಲ್ಲಿ ಒಂದಾದರೂ ಚೆನ್ನಾಗಿ ಅಲುಗಾಡಬೇಕು. ಆಗ ಎರಡೂ ಧ್ವನಿತಂತುಗಳನ್ನು ತೆಗೆದು, ಉಂಗುರವನ್ನು ಮೇಲೆಳೆದು, ನಾಲಿಗೆಯ ಬುಡದ ಮೂಳೆಗೆ ಹೊಲಿಯುತ್ತಾರೆ. ಗಡ್ಡೆ ತೀರಾ ಚಿಕ್ಕದಿದ್ದರೆ ಬಾಯಿಯೊಳಗಿಂದಲೇ ಲೇಸರ್‌ನಲ್ಲಿ ಆಗಬಹುದು. ಶ್ವಾಸಕೋಶ ಗಟ್ಟಿ ಇರಬೇಕು. ಅಪ್ಪನನ್ನು ಎರಡು ಮಹಡಿ ಮೆಟ್ಟಿಲು ಹತ್ತಿಸಿ ನೋಡಿದರು.

ಕಷ್ಟ ಶುರುವಾಗಿದ್ದು ಆಮೇಲೆ. ರೇಡಿಯೇಷನ್ ತಾಗಿದ ಜಾಗ ಬೇಗ ಮಾಯುವುದಿಲ್ಲ. ಐದು ವಾರ ಮೂಗಿನ ನಳಿಕೆಯಲ್ಲೇ ಊಟ. ನುಂಗುವುದನ್ನು ಹೊಸದಾಗಿ ಕಲಿಯಬೇಕು: ಉಸಿರು ಹಿಡಿ, ಗಲ್ಲ ಎದೆಗೆ ತಾಗಿಸು, ನುಂಗು, ಕೆಮ್ಮು, ಮತ್ತೆ ನುಂಗು. ಅಮ್ಮ ಗಟ್ಟಿಯಾಗಿ ಕಾಸಿದ ರಾಗಿ ಅಂಬಲಿಯನ್ನು ಚಿಕ್ಕ ಚಮಚದಲ್ಲಿ ಕೊಡುತ್ತಿದ್ದರು, ಅರ್ಧ ಲೋಟಕ್ಕೆ ಮುಕ್ಕಾಲು ಗಂಟೆ. ನೀರು ಮಾತ್ರ ಕೊನೆಗೆ ಬಂತು. ಉಸಿರಾಟಕ್ಕೆ ಅಂತ ಆಪರೇಷನ್‌ನಲ್ಲಿ ಮಾಡಿದ್ದ ಕತ್ತಿನ ತೂತು ಈಗ ಮುಚ್ಚಿದೆ. ಸ್ವರ ಒರಟು, ಗಾಳಿ ಬೆರೆತದ್ದು. ಸಂತೆಯ ಗದ್ದಲದಲ್ಲಿ ಕೇಳಿಸಲ್ಲ, ಆದರೆ ಮೊಮ್ಮಗಳಿಗೆ ಒಂದು ಮಾತೂ ತಪ್ಪುವುದಿಲ್ಲ.

ಒಂದು ವಿಷಯ ಮನಸ್ಸು ಗಟ್ಟಿ ಮಾಡಿಕೊಂಡು ಕೇಳಿ. ಆಪರೇಷನ್ ನಡೆಯುವಾಗ, ಕತ್ತರಿಸಿದ ಜಾಗದ ಅಂಚಿನಲ್ಲಿ ಇನ್ನೂ ಕ್ಯಾನ್ಸರ್ ಕಂಡರೆ, ಧ್ವನಿಪೆಟ್ಟಿಗೆ ಪೂರ್ತಿ ತೆಗೆಯಲು ಒಪ್ಪಿಗೆ ಎಂದು ಅಪ್ಪನೂ ಸಹಿ ಹಾಕಿದ್ದರು. ಜೀವ ಮೊದಲು ಅಲ್ವಾ. ಹಾಗಾದರೂ ಶ್ವಾಸನಾಳ, ಅನ್ನನಾಳದ ನಡುವೆ ಪುಟ್ಟ ವಾಲ್ವ್ ಕೂರಿಸಿ ಮಾತು ತರಿಸುತ್ತಾರೆ. ಬೆಂಗಳೂರಿನ ಕ್ಯಾನ್ಸರ್ ಸರ್ಜನ್ ಡಾ. ವಿಶಾಲ್ ರಾವ್ ಅಂಥ ವಾಲ್ವನ್ನು ಆಗ ಸುಮಾರು 50 ರೂಪಾಯಿಗೆ ಸಿಗುವಂತೆ ರೂಪಿಸಿದ್ದರು.

ಸ್ಕ್ಯಾನ್ ಸಿಡಿ, ಬಯಾಪ್ಸಿ ರಿಪೋರ್ಟ್, ರೇಡಿಯೇಷನ್ ಎಷ್ಟು ಕೊಟ್ಟರು ಅನ್ನುವ ಚೀಟಿ, ಮೂರನ್ನೂ ಹಿಡಿದುಕೊಂಡು ಇದೇ ವಾರ ಇನ್ನೊಬ್ಬ ಸರ್ಜನ್‌ಗೆ ತೋರಿಸಿ. ಗಡ್ಡೆ ಉಂಗುರದವರೆಗೆ ಇಳಿದರೆ ಈ ದಾರಿ ಇರುವುದಿಲ್ಲ.