ಉದುರುತ್ತಿರುವ ಚಿಮಣಿಗೆ ಸಿಮೆಂಟು ಮೆತ್ತಬಹುದೆ?

ಪ್ರಶ್ನೆ: ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವುಸ್ಟರ್‌ನಲ್ಲಿ 1922ರಲ್ಲಿ ಕಟ್ಟಿದ ಮನೆಯೊಂದನ್ನು ಕೊಂಡು ವಾಸವಾಗಿದ್ದೇವೆ. ಎರಡು ವರ್ಷಗಳ ಹಿಂದೆ ಮನೆ ಬೆಚ್ಚಗಿಡುವ ಹಳೆಯ ಫರ್ನೇಸ್ ತೆಗೆಸಿ, ಕಡಿಮೆ ಗ್ಯಾಸ್ ಬಳಸುವ ಹೊಸದನ್ನು ಹಾಕಿಸಿದೆವು. ಸ್ನಾನದ ನೀರಿನ ಗ್ಯಾಸ್ ಹೀಟರ್ ಮಾತ್ರ ಹಳೆಯ ಇಟ್ಟಿಗೆ ಚಿಮಣಿಗೇ ಜೋಡಿಸಿಕೊಂಡಿದೆ. ಈ ವಸಂತದಲ್ಲಿ ಹಿಮ ಕರಗಿದಾಗ ಅಂಗಳದ ತುಂಬ ಕೆಂಪು ಇಟ್ಟಿಗೆಯ ಚಕ್ಕೆಗಳು ಸಿಕ್ಕವು. ಅಟ್ಟದಲ್ಲಿ ಚಿಮಣಿಯ ಮೈಮೇಲೆ ಬಿಳಿಯ ಪುಡಿ ಕಾಣಿಸುತ್ತಿದೆ. ಸಂದುಗಳಿಗೆ ಗಟ್ಟಿ ಸಿಮೆಂಟು ತುಂಬಿ, ಮೇಲೆ ನೀರು ಹಿಡಿಯದ ಬಣ್ಣ ಬಳಿದರೆ ಸಾಕೆಂದು ಗುತ್ತಿಗೆದಾರರೊಬ್ಬರು ಹೇಳುತ್ತಾರೆ. ಮಾಡಿಸಬಹುದೆ?

ಉತ್ತರ: ದಯವಿಟ್ಟು ಮಾಡಿಸಬೇಡಿ. ಆ ಎರಡು ಕೆಲಸಗಳೂ ನೀರನ್ನು ಇಟ್ಟಿಗೆಯೊಳಗೇ ಕೂಡಿಹಾಕುತ್ತವೆ, ನಿಮ್ಮ ಚಿಮಣಿಯನ್ನು ಕೆಡಿಸುತ್ತಿರುವುದು ಆ ನೀರೇ.

ನೀರು ಹೆಪ್ಪುಗಟ್ಟುವಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಇಟ್ಟಿಗೆ ಕುಡಿದ ನೀರು ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವುದು ಚಳಿಗಾಲದಲ್ಲಿ ಮತ್ತೆ ಮತ್ತೆ ನಡೆದಾಗ ಇಟ್ಟಿಗೆಯ ಮುಖ ಚಕ್ಕೆಯಾಗಿ ಎದ್ದುಬರುತ್ತದೆ. ಮನೆಯ ಗೋಡೆಗೆ ಒಳಗಿನ ಶಾಖದ ಆಸರೆಯಿದೆ; ಛಾವಣಿಯಿಂದ ಮೇಲೆದ್ದು ನಿಂತ ಚಿಮಣಿಗೆ ನಾಲ್ಕೂ ಕಡೆಯಿಂದ ಗಾಳಿ, ಮಳೆ, ಹಿಮ. ಹೀಗಾಗಿ ಹಳೆಯ ಮನೆಯಲ್ಲಿ ಮೊದಲು ಕೆಡುವ ಇಟ್ಟಿಗೆ ಕೆಲಸ ಸಾಮಾನ್ಯವಾಗಿ ಇದೇ.

ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಫರ್ನೇಸ್ ಬದಲಾದ ಸಂಗತಿ. ಹೊಸ ಮಾದರಿಯ ಫರ್ನೇಸಿನ ಹೊಗೆ ಪ್ಲಾಸ್ಟಿಕ್ ಕೊಳವೆಯ ಮೂಲಕ ಪಕ್ಕದ ಗೋಡೆಯಿಂದಲೇ ಹೊರಹೋಗುತ್ತಿರಬೇಕು. ಹಳೆಯದು ಚಳಿಗಾಲವಿಡೀ ಚಿಮಣಿಯನ್ನು ಬಿಸಿಯಾಗಿಟ್ಟಿತ್ತು. ಈಗ ಅಷ್ಟು ದೊಡ್ಡ ತಣ್ಣನೆಯ ಕೊಳವೆಯಲ್ಲಿ ಪುಟ್ಟ ಹೀಟರ್ ಒಂದರ ಹೊಗೆಯಷ್ಟೇ ಏರಬೇಕಾಗಿದೆ. ಒಂದು ಘನ ಮೀಟರ್ ನೈಸರ್ಗಿಕ ಅನಿಲ ಉರಿದರೆ ಸುಮಾರು ಒಂದೂವರೆ ಲೀಟರ್ ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆ. ಆ ಆವಿ ತುದಿ ಮುಟ್ಟುವ ಮುನ್ನವೇ ತಣ್ಣನೆಯ ಇಟ್ಟಿಗೆಗೆ ತಾಗಿ ಬೆವರಿನಂತೆ ಇಳಿಯುತ್ತದೆ. ನೀವು ಅಟ್ಟದಲ್ಲಿ ಕಂಡ ಬಿಳಿ ಪುಡಿ, ನೀರು ಇಟ್ಟಿಗೆ ಮತ್ತು ಗಾರೆಯಿಂದ ಕರಗಿಸಿ ಹೊರಗೆ ತಂದ ಉಪ್ಪು. ಛಾವಣಿಯ ಸಂದಿಯಿಂದ ಸೋರಿದ ನೀರೂ ಹೀಗೆ ಮಾಡಬಲ್ಲದು. ಆದರೆ ಮಳೆಯಿಲ್ಲದ ಕಡುಚಳಿಯ ವಾರಗಳಲ್ಲೂ ಅಲ್ಲಿ ಪಸೆ ಕಂಡರೆ ಒಳಗಿನ ಆವಿಯನ್ನೇ ಶಂಕಿಸಬೇಕು.

ಸರಿಯಾಗಿ ಏರದ ಹೊಗೆ ಮನೆಯೊಳಕ್ಕೇ ಮರಳುವ ಅಪಾಯವೂ ಇದೆ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಪ್ರತಿ ಮಹಡಿಯಲ್ಲೂ ಅದರ ಅಲಾರಂ ಇದೆಯೇ, ಗುಂಡಿ ಒತ್ತಿದರೆ ಕೂಗುತ್ತದೆಯೇ ಎಂಬುದನ್ನು ಇಂದು ರಾತ್ರಿಯೇ ನೋಡಿಕೊಳ್ಳಿ; ಇಟ್ಟಿಗೆಯ ಕೆಲಸ ತಿಂಗಳು ಕಾಯಬಹುದು, ಇದು ಕಾಯಬಾರದು.

ನಿಮ್ಮ ರಾಜ್ಯದ ಕ್ವಿನ್ಸಿಯಲ್ಲೇ ಕಚೇರಿ ಇರುವ ರಾಷ್ಟ್ರೀಯ ಅಗ್ನಿರಕ್ಷಣಾ ಸಂಘದ 211ನೇ ಮಾನದಂಡ, ಚಿಮಣಿಯನ್ನು ವರ್ಷಕ್ಕೊಮ್ಮೆ ಪರೀಕ್ಷಿಸಬೇಕೆನ್ನುತ್ತದೆ. ಮನೆ ಮಾರಾಟವಾದಾಗ ಅಥವಾ ಚಿಮಣಿಗೆ ಜೋಡಿಸಿದ ಉಪಕರಣ ಬದಲಾದಾಗ ಎರಡನೆಯ ಹಂತದ ತಪಾಸಣೆ ಆಗಬೇಕು. ಅದರಲ್ಲಿ ಕೊಳವೆಯೊಳಗೆ ಕ್ಯಾಮೆರಾ ಇಳಿಸಿ ನೋಡುತ್ತಾರೆ. ಮೊದಲು ಅದನ್ನು ಮಾಡಿಸಿ. ಹೀಟರಿಗೆ ತಕ್ಕ ಅಳತೆಯ ಲೋಹದ ಒಳಕೊಳವೆ ಇಳಿಸುವುದು ಬಹುಮಟ್ಟಿಗೆ ಸಾಕಾಗುತ್ತದೆ. ವಿದ್ಯುತ್ ಹೀಟರಿಗೆ ಬದಲಾದರೆ ಚಿಮಣಿಯ ಅಗತ್ಯವೇ ಇರುವುದಿಲ್ಲ.

ಗಾರೆಯ ಕೆಲಸ ಅದಾದ ಮೇಲೆ. ಒಂದು ಸಂದನ್ನು ಬೀಗದ ಕೈಯಿಂದ ಕೆರೆದು ನೋಡಿ: ಗಾರೆ ಮರಳಿನಂತೆ ಉದುರಿ, ನಡುವೆ ಬಿಳಿಯ ಸುಣ್ಣದ ಕಾಳುಗಳು ಕಂಡರೆ ಅದು ಸುಣ್ಣ ಹೆಚ್ಚಿರುವ ಹಳೆಯ ಗಾರೆ. ಮೈಸೂರಿನ ಹಳೆಯ ಮನೆಗಳ ಸುಣ್ಣದ ಗಾರೆಯನ್ನು ಬಲ್ಲವರಿಗೆ ಅದರ ಗುಣ ಗೊತ್ತು: ಅದು ಇಟ್ಟಿಗೆಗಿಂತ ಮೆತ್ತಗಿದ್ದು ತೇವವನ್ನು ತನ್ನ ಮೂಲಕ ಹೊರಬಿಡುತ್ತದೆ, ಕೆಡುವುದಾದರೆ ತಾನು ಮೊದಲು ಕೆಡುತ್ತದೆ. ಗಟ್ಟಿ ಸಿಮೆಂಟು ತುಂಬಿದರೆ ಕೆಡುವ ಸರದಿ ಇಟ್ಟಿಗೆಯದಾಗುತ್ತದೆ. ಒಂದು ಪಾಲು ಸಿಮೆಂಟು, ಒಂದು ಪಾಲು ಸುಣ್ಣ, ಆರು ಪಾಲು ಮರಳಿನ ಮಿಶ್ರಣಕ್ಕಿಂತ ಗಟ್ಟಿಯಾದದ್ದನ್ನು ಒಪ್ಪಬೇಡಿ. ಹಳೆಯ ಗಾರೆಯನ್ನು ಸಂದಿನ ಅಗಲದ ಎರಡರಿಂದ ಎರಡೂವರೆ ಪಟ್ಟು ಆಳಕ್ಕೆ ಕೆರೆದು ತೆಗೆಯಲೇಬೇಕು, ಮತ್ತು ಕೆಲಸ ಚಳಿ ಮರಳುವ ಮುನ್ನ ಮುಗಿಯಬೇಕು. ಮುಖ ಕಳೆದುಕೊಂಡ ಇಟ್ಟಿಗೆಗಳನ್ನು ಬದಲಾಯಿಸಿ. ತುದಿಯ ಕಾಂಕ್ರೀಟ್ ಹಾಸು ಇಟ್ಟಿಗೆಯಿಂದ ಎರಡು ಅಂಗುಲ ಮುಂದೆ ಚಾಚಿರಲಿ, ಕೊಳವೆಗೆ ಜಾಲರಿಯ ಟೋಪಿ ಇರಲಿ. ಏನನ್ನಾದರೂ ಬಳಿಯಲೇಬೇಕೆಂದರೆ ಆವಿಯನ್ನು ಹೊರಬಿಡುವ ಸೈಲೋಕ್ಸೇನ್ ದ್ರಾವಣವೇ ಆಗಲಿ.

ಪ್ರಶ್ನೆ: ಕೆನಡಾದ ಆಟವಾದಲ್ಲಿ ನಮ್ಮ ಹಳೆಯ ಮನೆಯ ಅಗ್ಗಿಷ್ಟಿಕೆಯಲ್ಲಿ ವಾರಾಂತ್ಯಗಳಲ್ಲಿ ಸೌದೆ ಉರಿಸುತ್ತೇವೆ. ಚಿಮಣಿಯನ್ನು ಯಾವಾಗ ಗುಡಿಸಬೇಕು?

ಉತ್ತರ: ಪ್ರತಿ ವರ್ಷ ಚಳಿಗಾಲಕ್ಕೆ ಮುಂಚೆ ಪರೀಕ್ಷೆ ಮಾಡಿಸಿ, ಒಳಗಿನ ಪದರ 3 ಮಿಲಿಮೀಟರ್ ಮುಟ್ಟಿದ್ದರೆ ಗುಡಿಸಲೇಬೇಕು. ಮಲೆನಾಡಿನ ಅಡುಗೆಮನೆಯ ಜಂತಿಗಳಿಗೆ ಹಿಡಿಯುತ್ತಿದ್ದ ಇಲ್ಲಣವನ್ನು ನೆನೆಸಿಕೊಳ್ಳಿ. ಇಲ್ಲಿ ಅದೇ ಮಸಿ ಟಾರಿನಂತೆ ಅಂಟಿಕೊಂಡು ಬೆಂಕಿಗೆ ಮೇವಾಗುತ್ತದೆ. ಅದಕ್ಕೆ ಕ್ರಿಯೋಸೋಟ್ ಎನ್ನುತ್ತಾರೆ. ಹಸಿ ಸೌದೆಯಿಂದ ಅದು ಬೇಗ ಬೆಳೆಯುತ್ತದೆ, ಆದ್ದರಿಂದ ಸೌದೆಯ ತೇವ ಶೇ 20ಕ್ಕಿಂತ ಕಡಿಮೆಯಿರಲಿ. ಚಿಮಣಿಯಲ್ಲಿ ರೈಲು ಹಾದುಹೋದಂಥ ಮೊರೆತ ಕೇಳಿದರೆ ಒಳಗೆ ಬೆಂಕಿ ಹತ್ತಿದೆಯೆಂದು ತಿಳಿದು, ಎಲ್ಲರೂ ಹೊರಬಂದು 911ಕ್ಕೆ ಕರೆ ಮಾಡಿ. ಬೆಂಕಿ ಆರಿದ ಮೇಲೂ ಒಳಗಿನ ಮಣ್ಣಿನ ಕೊಳವೆಗಳು ಸೀಳಿರಬಹುದಾದ್ದರಿಂದ, ಪರೀಕ್ಷೆ ಮುಗಿಯುವವರೆಗೆ ಮತ್ತೆ ಉರಿ ಹಚ್ಚಬೇಡಿ.