ಆಪ್ತಸಲಹೆ ಪ್ರಕರಣ: ಮೂರು ತಿಂಗಳನ್ನು ಯಾವ ದಿನದಿಂದ ಎಣಿಸಬೇಕು?

ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ಟೈಲರ್ ಆಗಿರುವ ಮಹಿಳೆಯೊಬ್ಬರು ನವೆಂಬರ್ 18ರಂದು ನನ್ನ ಬಳಿ ಬಂದರು. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.) ಕುಳಿತವರೇ ಕೇಳಿದ್ದು, "ಮೇಡಂ, ನಂದು ಟೈಮ್ ಮುಗಿದೋಯ್ತಂತೆ, ಹೌದಾ?" ಲೈನ್ ಸೂಪರ್‌ವೈಸರ್ ಮೊದಲ ಸಲ ಮೈಮುಟ್ಟಿದ್ದು ಜೂನ್ 10ರಂದು, ಮೂರು ತಿಂಗಳು ಕಳೆದಿರುವುದರಿಂದ ಇನ್ನು ದೂರು ನಿಲ್ಲುವುದಿಲ್ಲವೆಂದು ಜೊತೆಗಾರ್ತಿಯೊಬ್ಬರು ಹೇಳಿದ್ದರಂತೆ.

ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ 9ನೇ ಕಲಂ ಪ್ರಕಾರ ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು ಎಂಬುದು ನಿಜ. ಆದರೆ ಕಿರುಕುಳ ಸರಣಿಯಾಗಿ ನಡೆದಿದ್ದರೆ ಕೊನೆಯ ಘಟನೆಯಿಂದ ದಿನ ಎಣಿಸಬೇಕೆಂದು ಅದೇ ಕಲಂ ಹೇಳುತ್ತದೆ, ಮತ್ತು ಈ ಅರ್ಧ ತಿಳಿಯದೆ ಮನೆಯಲ್ಲೇ ಉಳಿದುಬಿಡುವ ಹೆಣ್ಣುಮಕ್ಕಳನ್ನು ನೆನೆದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ತಾರೀಖು ನೆನಪಿಲ್ಲವೆಂದು ಅವರು ಅಳುಕಿದರು. ಮನೆಯಲ್ಲಿ ಏನಾದರೂ ಬರೆದಿಡುತ್ತೀರಾ ಎಂದು ಕೇಳಿದ್ದಕ್ಕೆ ಮರುದಿನ ಹಾಲಿನ ಲೆಕ್ಕದ ಕ್ಯಾಲೆಂಡರ್ ತಂದರು. "ಅರ್ಧ", "ಒಂದು" ಎಂಬ ಬರಹಗಳ ಪಕ್ಕದಲ್ಲಿ, ಅತ್ತುಕೊಂಡು ಮನೆಗೆ ಬಂದ ದಿನಗಳಿಗೆ ಪೆನ್ಸಿಲ್ಲಿನ ಸಣ್ಣ ಗೀಟು ಹಾಕಿದ್ದರು. ಕೊನೆಯ ಗೀಟು ಸೆಪ್ಟೆಂಬರ್ 4ರದು: ಅಂದು ಶಿಫ್ಟ್ ಮುಗಿದ ಮೇಲೆ ನಿಲ್ಲಿಸಿಕೊಂಡು, "ನನ್ನ ಮಾತು ಕೇಳಿದ್ರೆ ಟಾರ್ಗೆಟ್ ನಾನು ನೋಡ್ಕೋತೀನಿ" ಎಂದಿದ್ದ. ಅಂದರೆ ಡಿಸೆಂಬರ್ ಆರಂಭದವರೆಗೆ ಅವಧಿ ಇತ್ತು.

ಅಕ್ಟೋಬರ್‌ನಲ್ಲಿ ಅವರನ್ನು ಬೇರೆ ಲೈನಿಗೆ ಹಾಕಿದ್ದನ್ನೇ ಕೊನೆಯ ಘಟನೆಯೆಂದು ಹಿಡಿಯುವುದು ಬೇಡ, ಅದು ಆಡಳಿತದ ಕ್ರಮವಷ್ಟೇ ಎಂದು ಎದುರಿನವರು ವಾದಿಸಬಹುದು ಎಂದೆ. ಜುಲೈನಲ್ಲಿ ಎಚ್‌ಆರ್‌ನವರಿಗೆ ಬಾಯಿಮಾತಿನಲ್ಲಿ ಹೇಳಿದ್ದನ್ನು ದೂರಿನಲ್ಲಿ ನಮೂದಿಸಬೇಕು, ಆದರೆ ಅದನ್ನೇ ದೂರು ಕೊಟ್ಟಂತೆ ಎಂದು ನಂಬಿ ಕೂರಬಾರದು. ದೀಪಾವಳಿ ಬೋನಸ್ ಬರುವವರೆಗೆ ಸುಮ್ಮನಿರು ಎಂದು ಅತ್ತೆ ತಡೆದದ್ದನ್ನೂ, ಕೆಲಸ ಹೋಗುವ ಭಯವನ್ನೂ ಮುಚ್ಚಿಡದೆ ಬರೆಯಲು ಹೇಳಿದೆ. ಅವಧಿ ಮೀರಿದೆಯೆಂದು ಆಂತರಿಕ ಸಮಿತಿ (ಇಂಥ ದೂರುಗಳನ್ನು ವಿಚಾರಿಸಲು ಕಾರ್ಖಾನೆಯಲ್ಲೇ ಇರುವ ಸಮಿತಿ) ಭಾವಿಸಿದರೂ, ಸಕಾಲದಲ್ಲಿ ದೂರು ಕೊಡಲಾಗದ ಸನ್ನಿವೇಶವಿತ್ತೆಂದು ಮನವರಿಕೆಯಾದರೆ, ಕಾರಣ ದಾಖಲಿಸಿ ಇನ್ನು ಮೂರು ತಿಂಗಳವರೆಗೆ ಕಾಲಾವಕಾಶ ಕೊಡಬಹುದು. ಅದಕ್ಕೆ ಮೇಲೆ ಇಲ್ಲ. ಬರೆಯಲು ಕಷ್ಟವಾದರೆ ನೆರವಾಗುವುದು ಸಮಿತಿಯ ಕರ್ತವ್ಯವೇ ಹೊರತು ಉಪಕಾರವಲ್ಲ.

ನವೆಂಬರ್ 21ರಂದು ಅವರು ಸಾಕ್ಷಿಗಳ ಹೆಸರು ಸೇರಿಸಿ ದೂರಿನ ಆರು ಪ್ರತಿ ಕೊಟ್ಟು, ತಮ್ಮಲ್ಲಿ ಉಳಿದ ಪ್ರತಿಯ ಮೇಲೆ ತಾರೀಖಿನೊಡನೆ ಸಹಿ ಹಾಕಿಸಿಕೊಂಡರು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಅಲ್ಲಿಯವರೆಗೆ ಆ ಸೂಪರ್‌ವೈಸರ್‌ನನ್ನು ಬೇರೆ ಕಡೆಗೆ ವರ್ಗಾಯಿಸುವಂತೆ ಕೋರುವ ಅರ್ಜಿಯನ್ನು ಈಗ ಸಿದ್ಧಪಡಿಸುತ್ತಿದ್ದೇವೆ.