ಸಂಪಾದಕರ ಉತ್ತರ: ನಿಮ್ಮ ನಾಯಕನ ಎಡಗಿವಿ

ಪತ್ರದ ಸಾರ: “ಮೂರು ಸಸ್ಪೆನ್ಸ್ ಕಾದಂಬರಿ ಬರೆದಿದ್ದೇನೆ. ಪ್ರಕಾಶಕರ ಬಾಗಿಲು ಕಾದು ಸಾಕಾಗಿ ಮೂರನ್ನೂ ನಾನೇ ಅಚ್ಚು ಹಾಕಿಸಿದೆ. ನನ್ನ ನಾಯಕರು ಪೊಲೀಸರಲ್ಲ, ಪತ್ತೇದಾರರಲ್ಲ. ಬದುಕಿನಲ್ಲಿ ಏನೋ ಒಂದು ಕೆಟ್ಟು ಕೂತಿರುವ ಸಾಧಾರಣ ಜನ. ಪ್ರಚಾರವೂ ನನ್ನದೇ. ದಿನಕ್ಕೊಂದು ಪೋಸ್ಟರ್ ಮಾಡಿ ಹಂಚುತ್ತೇನೆ. ಲೈಕ್ ಬರುತ್ತೆ, ಓದುಗರು ಬರೋದಿಲ್ಲ. ‘ಇವನೂ ಒಬ್ಬ ಹೀರೋನಾ?’ ಅಂತ ಕೇಳ್ತಾರೆ. ನಿಮ್ಮ ಪತ್ರಿಕೆ ವಿಮರ್ಶೆಯನ್ನೂ ಮಾಡಲಿಲ್ಲ. ನನ್ನ ತುತ್ತೂರಿ ನಾನೇ ಊದಿಕೊಳ್ಳೋದು ತಪ್ಪಾ? ತಪ್ಪಲ್ಲ ಅಂದರೆ ಹೇಗೆ ಊದಬೇಕು?”

ಆತ್ಮೀಯರೇ,

ಉತ್ತರ ತಡವಾಯಿತು. ಸೋಮಾರಿತನ ಕಾರಣವಲ್ಲ ಎಂದರೆ ಅರ್ಧ ಸುಳ್ಳಾದೀತು. ಉಳಿದರ್ಧ ಇಷ್ಟು: ನೀವು ಕಳಿಸಿದ್ದ ಎರಡು ಕಾದಂಬರಿಗಳನ್ನು ಓದದೆ ಉಪದೇಶಕ್ಕೆ ಕೂರುವುದು ಸರಿಯಲ್ಲ ಅನ್ನಿಸಿತು. ಓದಿದೆ. ಒಂದನ್ನು ಎರಡು ಸಲ.

ಮೊದಲಿಗೆ ಒಂದು ಸಣ್ಣ ತಕರಾರು. ನಿಮ್ಮ ಪೋಸ್ಟರಿನಲ್ಲಿ ನನ್ನ ಹೆಸರಿನ ಕೆಳಗೆ “ಆಸಕ್ತಿ ಹುಟ್ಟಿಸುವ ಕೃತಿ” ಎಂದು ದಪ್ಪಕ್ಷರದಲ್ಲಿದೆ. ಪುಸ್ತಕ ತಲುಪಿದ್ದಕ್ಕೆ ನಾನು ಬರೆದ ಎರಡು ಸಾಲಿನ ರಸೀದಿಯಿಂದ ಎತ್ತಿದ ಮಾತು ಅದು. ಆಗ ನಾನು ಮುಖಪುಟ ಮಾತ್ರ ನೋಡಿದ್ದೆ. ಕೋಪವೇನಿಲ್ಲ, ಈ ವಿದ್ಯೆಯಲ್ಲಿ ನಿಮಗಿಂತ ದೊಡ್ಡವರಿದ್ದಾರೆ. ಅಮೆರಿಕದ ಕವಿ ವಾಲ್ಟ್ ವಿಟ್ಮನ್ 1855ರಲ್ಲಿ ತನ್ನ ಮೊದಲ ಕವನ ಸಂಕಲನವನ್ನು ಸ್ವಂತ ಖರ್ಚಿನಲ್ಲಿ ಪ್ರಕಟಿಸಿದ. ಕೆಲವು ಪುಟಗಳಿಗೆ ಅಚ್ಚುಮೊಳೆಯನ್ನೂ ತಾನೇ ಜೋಡಿಸಿದ. ಆಮೇಲೆ ಹೆಸರು ಹಾಕದೆ ತನ್ನ ಪುಸ್ತಕಕ್ಕೆ ತಾನೇ ವಿಮರ್ಶೆ ಬರೆದು ಪತ್ರಿಕೆಗಳಲ್ಲಿ ಬರುವ ಹಾಗೆ ನೋಡಿಕೊಂಡ. ಆ ಕಾಲದ ಹೆಸರಾಂತ ಲೇಖಕ ಎಮರ್ಸನ್ ಮೆಚ್ಚಿ ಬರೆದ ಖಾಸಗಿ ಪತ್ರದ ಒಂದು ಸಾಲನ್ನು, ಒಂದು ಮಾತೂ ಕೇಳದೆ, ಮರುವರ್ಷದ ಆವೃತ್ತಿಯ ಬೆನ್ನಿನ ಮೇಲೆ ಚಿನ್ನದಕ್ಷರದಲ್ಲಿ ಒತ್ತಿಸಿದ. ಎಮರ್ಸನ್ ಪುಸ್ತಕ ಓದಿಯೇ ಬರೆದಿದ್ದ ಅನ್ನೋದಷ್ಟೇ ಅಲ್ಲಿಗೂ ಇಲ್ಲಿಗೂ ಇರುವ ವ್ಯತ್ಯಾಸ. ಮುಂದಿನ ಮುದ್ರಣದಲ್ಲಿ ನನ್ನ ಸಾಲು ತೆಗೆದುಬಿಡಿ. ಈ ಉತ್ತರದಲ್ಲಿ ಅದಕ್ಕಿಂತ ಒಳ್ಳೆಯದೇನಾದರೂ ಸಿಕ್ಕರೆ ಧಾರಾಳವಾಗಿ ಬಳಸಿ, ಆದರೆ ಇಡೀ ವಾಕ್ಯ ಬಳಸಿ.

ತುತ್ತೂರಿಯ ವಿಷಯಕ್ಕೆ ಹೆಚ್ಚು ಹೊತ್ತು ಬೇಡ. ಕನ್ನಡದ ಹಳೆಯ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ನಡೆದು ಮಾರಿದವರು. ಅವರಿಗಿಲ್ಲದ ಸಂಕೋಚ ನಮಗ್ಯಾಕೆ? ಊದಿ. ಯಾವ ರಾಗ ಅನ್ನೋದೇ ಪ್ರಶ್ನೆ.

ನಿಮ್ಮ ಮೊದಲ ಕಾದಂಬರಿಯ ಬೆನ್ನುಡಿ ಹೀಗಿದೆ: “ಒಂದು ಸಾಮಾನ್ಯ ರಾತ್ರಿ. ಒಬ್ಬ ಸಾಮಾನ್ಯ ಮನುಷ್ಯ. ಒಂದು ಭಯಾನಕ ರಹಸ್ಯ. ಪುಟಪುಟಕ್ಕೂ ಮೈ ನವಿರೇಳಿಸುವ ರೋಚಕ ಕಥಾನಕ!” ಪೋಸ್ಟರಿನಲ್ಲೂ ಇದೇ, ಜೊತೆಗೆ ಟೋಪಿ ಹಾಕಿಕೊಂಡು ಮಂಜಿನೊಳಗೆ ನಡೆದು ಹೋಗುತ್ತಿರುವ ಒಬ್ಬನ ಬೆನ್ನು. ಈ ನಾಲ್ಕು ವಾಕ್ಯಗಳನ್ನು ಕಿತ್ತು ನನ್ನ ಮೇಜಿನ ಮೇಲಿರುವ ಬೇರೆ ಯಾವ ಥ್ರಿಲ್ಲರಿಗೆ ಅಂಟಿಸಿದರೂ ಒಂದಕ್ಷರ ಬದಲಿಸಬೇಕಾಗಿಲ್ಲ. ಪುಸ್ತಕದೊಳಗೆ ಟೋಪಿಯೂ ಇಲ್ಲ, ಮಂಜೂ ಇಲ್ಲ.

ಒಳಗೆ ಇರುವವನು ಲಿಫ್ಟ್ ರಿಪೇರಿ ಮಾಡುವವನು. ಅವನ ಎಡಗಿವಿ ಪೂರ್ತಿ ಹೋಗಿದೆ. ಗೊತ್ತಾದರೆ ಕೆಲಸ ಹೋದೀತೆಂದು ಹನ್ನೊಂದು ವರ್ಷದಿಂದ ಮುಚ್ಚಿಟ್ಟಿದ್ದಾನೆ. ಮೀಟಿಂಗಿನಲ್ಲಿ ಯಾವಾಗಲೂ ಎಡಗಡೆಯ ಕೊನೆಯ ಕುರ್ಚಿ ಹಿಡಿಯುತ್ತಾನೆ, ಮಾತಾಡುವವರೆಲ್ಲ ಬಲಕ್ಕೆ ಬರಲಿ ಎಂದು. ಇದನ್ನು ಓದಿದಾಗ ನಾನು ಪುಸ್ತಕ ಮಡಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಮ್ಮ ಕಚೇರಿಯಲ್ಲೇ ಒಬ್ಬರು ಸದಾ ಅದೇ ಕುರ್ಚಿಗೆ ಹೋಗುತ್ತಿದ್ದರು. ಯಾಕೆಂದು ನಾವು ಯಾರೂ ಕೇಳಿರಲಿಲ್ಲ.

ಅಂಥವನು ಒಂದು ರಾತ್ರಿ ಆರನೇ ಮಹಡಿಯಲ್ಲಿ ಮಂಡಿಯೂರಿ ಲಿಫ್ಟಿನ ಬಾಗಿಲ ಸೆನ್ಸರ್ ಬಿಚ್ಚುತ್ತಿದ್ದಾನೆ. ಹಿಂದೆ ಎರಡು ಮನೆ, ಎಡಕ್ಕೊಂದು ಬಲಕ್ಕೊಂದು. ಯಾವುದೋ ಒಂದು ಬಾಗಿಲ ಹಿಂದಿನಿಂದ ಮಾತು: “ನಾಳೆ ರಾತ್ರಿ ಮುಗಿಸಿಬಿಡು. ಆಮೇಲೆ ಅವಳು ಇರೋದಿಲ್ಲ.” ಸ್ಪಷ್ಟವಾಗಿ ಕೇಳಿದೆ. ಯಾವ ಬಾಗಿಲಿಂದ?

ಎರಡು ಕಿವಿ ನೆಟ್ಟಗಿರುವವರಿಗೆ ಇದೊಂದು ಪ್ರಶ್ನೆಯೇ ಅಲ್ಲ. ಬಲದಿಂದ ಬಂದ ಸದ್ದು ಬಲಗಿವಿಗೆ ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಅಂತರದಲ್ಲಿ ಮೊದಲು ತಲುಪುತ್ತದೆ, ಕೊಂಚ ಜೋರಾಗಿಯೂ ಕೇಳುತ್ತದೆ. ಈ ವ್ಯತ್ಯಾಸ ಹಿಡಿದೇ ಮೆದುಳು ದಿಕ್ಕು ಹೇಳುತ್ತದೆ. ಒಂದು ಕಿವಿ ಸತ್ತರೆ ಹೋಲಿಸಲು ಇನ್ನೊಂದಿಲ್ಲ. ಮಾತು ಕೇಳುತ್ತದೆ, ದಿಕ್ಕು ತಪ್ಪುತ್ತದೆ. ಪೊಲೀಸರಿಗೆ ಹೇಳಿದರೆ ಅವರ ಮೊದಲ ಪ್ರಶ್ನೆಯೇ “ಯಾವ ಮನೆ?” ಗೊತ್ತಿಲ್ಲ ಎಂದರೆ “ಎದುರಿಗೇ ಇದ್ದೀಯಲ್ಲ, ಗೊತ್ತಾಗಲಿಲ್ವಾ?” ಅಲ್ಲಿಗೆ ಹನ್ನೊಂದು ವರ್ಷದ ಗುಟ್ಟು ಬಯಲು.

ಸ್ವಾಮಿ, ಇಂಥದ್ದೊಂದನ್ನು ಕೈಯಲ್ಲಿಟ್ಟುಕೊಂಡು ನೀವು ಪೋಸ್ಟರಿನಲ್ಲಿ “ಭಯಾನಕ ರಹಸ್ಯ” ಮಾರುತ್ತಿದ್ದೀರಿ!

ಭಯ ಎಲ್ಲರ ಕಾದಂಬರಿಯಲ್ಲೂ ಒಂದೇ: ಯಾರೋ ಸಾಯಬಹುದು. ಸಂಕಟ ಮಾತ್ರ ಒಬ್ಬೊಬ್ಬರದು ಒಂದೊಂದು. ನಿಮ್ಮ ಹತ್ತಿರ ಬೇರೆಯವರಲ್ಲಿ ಇಲ್ಲದ್ದು ಅಂತ ಇರುವುದು ಆ ಕಿವಿ ಒಂದೇ. ಅದನ್ನು ಬೆನ್ನುಡಿಯಲ್ಲಿ ಅಡಗಿಸಿದ್ದೀರಿ. ಪುಸ್ತಕದೊಳಗೂ 87ನೇ ಪುಟದವರೆಗೆ ಬಾಯಿಬಿಡುವುದಿಲ್ಲ. ಓದುಗ ಬೆಚ್ಚಿಬೀಳಲಿ ಅಂತ ಕಾದಿಟ್ಟಿರಿ ಅನಿಸುತ್ತದೆ. ಆದರೆ ಅದಕ್ಕೂ ಮುಂಚಿನ 86 ಪುಟಗಳಲ್ಲಿ ನಿಮ್ಮ ನಾಯಕ ಸುಮ್ಮನೆ ಪುಕ್ಕಲನಂತೆ ಕಾಣುತ್ತಾನೆ. “ಇವನೂ ಒಬ್ಬ ಹೀರೋನಾ?” ಎಂಬ ಪ್ರಶ್ನೆ ಹುಟ್ಟುವುದು ಅಲ್ಲೇ. ಕೇಳಿದವರನ್ನು ಬೈಯಬೇಡಿ.

ಮೇಜಿನ ಕೆಳಗಿನ ಬಾಂಬಿನ ಉದಾಹರಣೆ ನಿಮಗೆ ಗೊತ್ತೇ ಇರುತ್ತದೆ, ಸಸ್ಪೆನ್ಸ್ ಸಿನಿಮಾಗಳ ನಿರ್ದೇಶಕ ಹಿಚ್‌ಕಾಕ್ 1962ರಲ್ಲಿ ಫ್ರೆಂಚ್ ನಿರ್ದೇಶಕ ತ್ರುಫೋ ಜೊತೆಗಿನ ಸಂದರ್ಶನದಲ್ಲಿ ಕೊಟ್ಟದ್ದು. ಬಾಂಬ್ ಇದೆಯೆಂದು ಹೇಳದೆ ಸಿಡಿಸಿದರೆ ಪ್ರೇಕ್ಷಕನಿಗೆ ಹದಿನೈದು ಸೆಕೆಂಡಿನ ಬೆಚ್ಚು. ಮೊದಲೇ ಹೇಳಿಟ್ಟರೆ ಹದಿನೈದು ನಿಮಿಷದ ತಳಮಳ. ಈ ಮಾತನ್ನು ಎಲ್ಲರೂ ಬಾಂಬಿಗೆ ಅನ್ವಯಿಸುತ್ತಾರೆ. ನಿಮ್ಮಂಥವರು ಅನ್ವಯಿಸಬೇಕಾದ್ದು ಮನುಷ್ಯನಿಗೆ. ಕಿವಿ ಕೇಳದೆಂಬುದನ್ನು ಮೊದಲ ಪುಟದಲ್ಲೇ ಹೇಳಿಬಿಡಿ. ಆಗ ಆ ಎರಡು ಬಾಗಿಲ ಮುಂದೆ ಅವನ ಜೊತೆ ನಾವೂ ಮಂಡಿಯೂರುತ್ತೇವೆ. ಅರಿಸ್ಟಾಟಲ್ ದುರಂತ ನಾಟಕದ ಬಗ್ಗೆ ಬರೆಯುತ್ತಾ, ಕೇಡಿಗೆ ತಕ್ಕವನಲ್ಲದವನಿಗೆ ಕೇಡಾದರೆ ಕರುಣೆ, ನಮ್ಮಂಥವನಿಗೇ ಆದರೆ ಭಯ ಎಂದು ವಿಂಗಡಿಸುತ್ತಾನೆ. ಸಾಧಾರಣ ಮನುಷ್ಯನನ್ನು ನಾಯಕನಾಗಿ ಆರಿಸಿಕೊಂಡ ನಿಮಗೆ ಎರಡನೆಯದು ಪುಕ್ಕಟೆ ಸಿಕ್ಕಿದೆ. ಮಂಜು, ಟೋಪಿ ಹಾಕಿ ಅದನ್ನೇ ಕಳೆದುಕೊಂಡಿದ್ದೀರಿ.

ಈ ಬಗೆಯ ಕತೆಗೆ ಒಂದು ಕಷ್ಟವೂ ಇದೆ. ಪತ್ತೇದಾರನಿಗೆ ಕೊಲೆಯೇ ಕೆಲಸ. ನಿಮ್ಮವನಿಗೆ ಕೊಲೆ ಎಂದರೆ ಕೆಲಸದ ನಡುವೆ ಬಂದ ತೊಂದರೆ. ಬೆಳಗಾದರೆ ಡ್ಯೂಟಿಗೆ ಹೋಗಬೇಕು, ರಜೆ ಸಿಗಬೇಕು. ಬಂದೂಕು ಹಿಡಿದು ಗೊತ್ತಿಲ್ಲ, ಓಡಿದರೆ ಏದುಸಿರು. ಇಂಥವನು ಎಲ್ಲ ಬಿಟ್ಟು ಅಪಾಯದ ಹಿಂದೆ ಯಾಕೆ ಹೋಗುತ್ತಾನೆ? ಪೊಲೀಸರಿಗೆ ಒಂದು ಫೋನ್ ಮಾಡಿ ಮಲಗಬಹುದಲ್ಲ? ಓದುಗ ಈ ಪ್ರಶ್ನೆ ಕೇಳಿದ ಕ್ಷಣ ಕತೆ ಕುಸಿಯುತ್ತದೆ. ಅದಕ್ಕೆ ಉತ್ತರ ನಾಯಕನ ಸಂಕಟದೊಳಗೇ ಇರಬೇಕು. ನಿಮ್ಮ ಲಿಫ್ಟಿನವನಲ್ಲಿ ಇದೆ: ಫೋನ್ ಮಾಡಲಾರ, ಮಾಡದೆಯೂ ಇರಲಾರ.

ಇದೇ ಅಳತೆಗೋಲಿಗೆ ನಿಮ್ಮ ಎರಡನೇ ಕಾದಂಬರಿ ನಿಲ್ಲುವುದಿಲ್ಲ. ಅಲ್ಲಿ ಕುಡಿತಕ್ಕೆ ಬಿದ್ದು ಕೆಲಸ ಕಳೆದುಕೊಂಡ ಮೇಷ್ಟ್ರು ಇದ್ದಾರೆ. ಎಣಿಸಿದೆ, ಮೂರು ಕಡೆ ಕುಡಿಯುತ್ತಾರೆ. ಕುಡಿದದ್ದರಿಂದ ಒಂದು ಸುಳಿವೂ ತಪ್ಪುವುದಿಲ್ಲ, ಒಬ್ಬ ಸಾಕ್ಷಿಯೂ ಅವರನ್ನು ನಂಬದೆ ಹೋಗುವುದಿಲ್ಲ, ಮರುದಿನ ಕೈಯೂ ನಡುಗುವುದಿಲ್ಲ. ಬಾಟಲಿಯನ್ನು ಕತೆಯಿಂದ ಎತ್ತಿಟ್ಟರೆ ಏನೂ ಕದಲದು. ಅದು ಅಂಗಿಗೆ ಹೊಲಿದ ಶೋಕಿಯ ಗುಂಡಿ, ಹಾಕಲೂ ಬರುವುದಿಲ್ಲ ಬಿಚ್ಚಲೂ ಬರುವುದಿಲ್ಲ. ಕೊನೆಗೆ ಅವರು ಮೂವರನ್ನು ಒಬ್ಬರೇ ಹೊಡೆದು ಕೆಡಹುವಾಗ ನನಗೆ ಉತ್ತರಕುಮಾರ ನೆನಪಾದ. ಅವನು ಒಲೆಯ ಮುಂದೆ ಪೌರುಷ ಕೊಚ್ಚಿ, ಕೌರವರ ಸೇನೆ ಕಂಡೊಡನೆ ರಥದಿಂದಿಳಿದು ಓಡುತ್ತಾನಲ್ಲ, ಆ ಓಟವೇ ಎಷ್ಟೋ ನಿಜ. ನಿಮ್ಮ ಮೇಷ್ಟ್ರೂ ಒಂದು ಸಲ ಓಡಬೇಕಿತ್ತು. ಈ ಪುಸ್ತಕದ ಪ್ರಚಾರಕ್ಕೆ ಖರ್ಚು ಮಾಡಬೇಡಿ, ಮೊದಲನೆಯದಕ್ಕೆ ಮಾಡಿ.

ಹೇಗೆ ಎಂದು ಕೇಳಿದ್ದೀರಿ. ನಿಮ್ಮ ನಾಯಕ ಲಿಫ್ಟಿನವನಾದ್ದರಿಂದ ಲಿಫ್ಟಿನದೇ ಕತೆ ಹೇಳುತ್ತೇನೆ. ಎಲಿಷಾ ಓಟಿಸ್ ಮಂಚ ತಯಾರಿಸುವ ಕಾರ್ಖಾನೆಯಲ್ಲಿ ಮೆಕ್ಯಾನಿಕ್ ಆಗಿದ್ದವನು. ಹಗ್ಗ ಹರಿದರೂ ಕೆಳಗೆ ಬೀಳದ ಲಿಫ್ಟ್ ಮಾಡಿದ, ಆದರೆ ಕೊಳ್ಳುವವರು ವಿರಳ. 1854ರಲ್ಲಿ ನ್ಯೂಯಾರ್ಕಿನ ಕ್ರಿಸ್ಟಲ್ ಪ್ಯಾಲೆಸ್ ವಸ್ತುಪ್ರದರ್ಶನದಲ್ಲಿ ಲಿಫ್ಟಿನ ಹಲಗೆಯ ಮೇಲೆ ತಾನೇ ನಿಂತು, ಜನರ ತಲೆಗಿಂತ ಎಷ್ಟೋ ಎತ್ತರಕ್ಕೆ ಏರಿ, ಎಲ್ಲರೂ ನೋಡುತ್ತಿದ್ದಂತೆ ಹಗ್ಗ ಕಡಿಸಿದ. ಹಲಗೆ ಚೂರು ಜಾರಿ ಕಚ್ಚಿಕೊಂಡು ನಿಂತಿತು. “ಅತ್ಯಂತ ಸುರಕ್ಷಿತ” ಎಂದು ಬೋರ್ಡು ಬರೆಸಿ ಪಕ್ಕದಲ್ಲಿ ಕೂತಿದ್ದರೆ ಯಾರು ತಿರುಗಿ ನೋಡುತ್ತಿದ್ದರು?

ನಿಮ್ಮ “ರೋಚಕ” ಅಂಥ ಬೋರ್ಡು. ಹಗ್ಗ ಕಡಿಯಿರಿ. ಆ ಎರಡು ಬಾಗಿಲ ಪುಟವನ್ನು ನಿಮ್ಮ ದನಿಯಲ್ಲೇ ಓದಿ ರೆಕಾರ್ಡ್ ಮಾಡಿ, ಮೂರು ನಿಮಿಷ ಸಾಕು. “ಯಾವ ಬಾಗಿಲಿಂದ?” ಅನ್ನೋದಕ್ಕೆ ನಿಲ್ಲಿಸಿ. ಹಿನ್ನೆಲೆ ಸಂಗೀತ ಬೇಡ. ಬೆನ್ನುಡಿ ಬರೆಯುವುದು ನಿಮ್ಮ ಕೆಲಸ, ಆದರೂ ಕೈ ತಡೆಯಲಿಲ್ಲ: “ಎಡಗಿವಿ ಕೇಳದೆಂಬುದನ್ನು ಅವನು ಹನ್ನೊಂದು ವರ್ಷ ಮುಚ್ಚಿಟ್ಟಿದ್ದಾನೆ. ಆ ರಾತ್ರಿ ಒಂದು ಬಾಗಿಲ ಹಿಂದೆ ಕೊಲೆಯ ಮಾತು ಕೇಳಿತು. ಅಲ್ಲಿರುವುದು ಎರಡು ಬಾಗಿಲು.” ಇಷ್ಟೇ. ಒಂದೂ ವಿಶೇಷಣವಿಲ್ಲ. ಮುಖಪುಟಕ್ಕೂ ಎರಡು ಬಾಗಿಲೇ ಇರಲಿ, ಆ ಟೋಪಿಯವನನ್ನು ಮಂಜಿನಲ್ಲೇ ಬಿಟ್ಟುಬಿಡಿ.

ದಿನಕ್ಕೊಂದು ಪೋಸ್ಟರ್ ನಿಲ್ಲಿಸಿ. ಅದೇ ಇನ್ನೂರು ಜನ ಅದೇ ಚಿತ್ರ ನೋಡಿ ಅದೇ ಹೆಬ್ಬೆರಳು ಒತ್ತುತ್ತಿದ್ದಾರೆ, ಬಹುಶಃ ಕಣ್ಣೆತ್ತದೆ. ಬದಲಿಗೆ ಲಿಫ್ಟ್ ಕೆಲಸದ ಹತ್ತು ಜನರಿಗೆ, ಒಂದು ಕಿವಿಯಲ್ಲಿ ಬದುಕುತ್ತಿರುವ ಹತ್ತು ಜನರಿಗೆ ಪುಸ್ತಕ ಉಚಿತವಾಗಿ ಕೊಟ್ಟು “ಎಲ್ಲಿ ತಪ್ಪಿದ್ದೇನೆ ಹೇಳಿ” ಅನ್ನಿ. ತಪ್ಪು ಹುಡುಕಲು ಓದಿದವರೇ ನಾಲ್ಕು ಜನಕ್ಕೆ ಹೇಳುವುದು. ಮನೆಯವರಿಂದ ಐದು ನಕ್ಷತ್ರ ಬರೆಸುವ ಕೆಲಸ ಬೇಡ. ಅಮೆಜಾನಿನ ನಿಯಮದಲ್ಲಿ ಆಪ್ತ ಬಂಧುಮಿತ್ರರ ವಿಮರ್ಶೆಗೂ ದುಡ್ಡು ಕೊಟ್ಟು ಬರೆಸಿದ್ದಕ್ಕೂ ಅವಕಾಶವಿಲ್ಲ. ನಿಯಮ ಹಾಗಿರಲಿ, ಓದುಗನಿಗೇ ವಾಸನೆ ಹೊಡೆಯುತ್ತದೆ. ಸುಳ್ಳು ಆಸೆ ಹುಟ್ಟಿಸಿ ಜನರನ್ನು ಕರೆತಂದರೂ ಉಪಯೋಗವಿಲ್ಲ. ಅಮೆಜಾನಿನ ಇ-ಪುಸ್ತಕ ಚಂದಾ ಯೋಜನೆ ಕಿಂಡಲ್ ಅನ್‌ಲಿಮಿಟೆಡ್ 2015ರ ಜುಲೈನಿಂದ ಸ್ವತಂತ್ರ ಲೇಖಕರಿಗೆ ದುಡ್ಡು ಲೆಕ್ಕ ಹಾಕುವುದು ಓದುಗ ನಿಜವಾಗಿ ಓದಿದ ಪುಟಗಳ ಮೇಲೆ. ಮಂಜು, ಟೋಪಿ ಹುಡುಕಿಕೊಂಡು ಬಂದವನು ಇಪ್ಪತ್ತನೇ ಪುಟಕ್ಕೆ ಎದ್ದು ಹೋಗುತ್ತಾನೆ.

ಸಾಧಾರಣ ಮನುಷ್ಯನಿಗೆ ಮಾರುಕಟ್ಟೆ ಇಲ್ಲ ಎಂದು ಪತ್ರದ ಕೊನೆಯಲ್ಲಿ ನಿಟ್ಟುಸಿರು ಬಿಟ್ಟಿದ್ದೀರಿ. ಇಂಗ್ಲಿಷ್ ಕಾದಂಬರಿಕಾರ ಡಿಕನ್ಸ್‌ನ ಮೊದಲ ಕಾದಂಬರಿ 1836ರಲ್ಲಿ ತಿಂಗಳ ಕಂತುಗಳಾಗಿ ಶುರುವಾದಾಗ ಕೊಳ್ಳುವವರು ಕಡಿಮೆ. ಕೆಲವು ಕಂತುಗಳ ನಂತರ, ಛತ್ರದ ಅಂಗಳದಲ್ಲಿ ಬೂಟು ಉಜ್ಜುತ್ತಾ ಸ್ಯಾಮ್ ವೆಲ್ಲರ್ ಎಂಬ ಆಳು ಕಾಣಿಸಿಕೊಂಡ. ಅಲ್ಲಿಂದ ಮಾರಾಟ ಏರಿ, ಮುಗಿಯುವ ಹೊತ್ತಿಗೆ ಕಂತೊಂದಕ್ಕೆ ಸುಮಾರು 40,000 ಪ್ರತಿ ತಲುಪಿತು. ಅದು ಸಸ್ಪೆನ್ಸ್ ಕತೆಯಲ್ಲ, ಒಪ್ಪಿದೆ. ಜನ ದುಡ್ಡು ಕೊಟ್ಟದ್ದು ಬೂಟು ಉಜ್ಜುವವನಿಗೆ ಅನ್ನೋದಂತೂ ನಿಜ.

ಇನ್ನು ನಮ್ಮ ತಪ್ಪು. ವಿಮರ್ಶೆ ಯಾಕೆ ಬರಲಿಲ್ಲ? ಪುಸ್ತಕ ಬಂದಾಗ ನಾನು ಮೊದಲು ನೋಡುವುದು ಪ್ರಕಾಶಕರ ಹೆಸರು. ಲೇಖಕರ ಹೆಸರೂ ಪ್ರಕಾಶಕರ ಹೆಸರೂ ಒಂದೇ ಆಗಿದ್ದರೆ ಕೈ ತಾನಾಗಿ ಎಡಗಡೆಯ ರಾಶಿಗೆ ಹೋಗುತ್ತದೆ. ಎಡಗಡೆಯ ರಾಶಿ ಎಂದರೆ ಏನೆಂದು ವಿವರಿಸುವುದು ಬೇಡ. ಕಾಗುಣಿತದ ತಪ್ಪು ತುಂಬಿದ ಪುಸ್ತಕಗಳನ್ನು ವರ್ಷಗಟ್ಟಲೆ ನೋಡಿ ಬಂದ ಚಾಳಿ ಇದು, ಸಮರ್ಥನೆ ಮಾಡಿಕೊಳ್ಳುವುದಿಲ್ಲ. ನಿಮ್ಮದು ಆ ರಾಶಿಯಿಂದ ಎದ್ದು ಬಂದದ್ದು ಪತ್ರದ ದೆಸೆಯಿಂದ. ಮುಂದಿನ ಸಂಚಿಕೆಯಲ್ಲಿ ಮೊದಲ ಕಾದಂಬರಿಯ ವಿಮರ್ಶೆ ಬರುತ್ತದೆ. ಬರೆಯುವವರು ನಾನಲ್ಲ, ನನಗೆ ಈಗಾಗಲೇ ಪಕ್ಷಪಾತ ಬಂದಿದೆ. ಹೊಗಳುತ್ತಾರೆಂಬ ಭರವಸೆ ಕೊಡಲಾರೆ.

ಕಡೆಯದಾಗಿ ಒಂದು ಅನುಮಾನ, ಎರಡು ಸಲ ಓದಿದ್ದು ಇದಕ್ಕೇ. 143ನೇ ಪುಟದಲ್ಲಿ ಹೆಂಡತಿಯ ಫೋನ್ ಬರುತ್ತದೆ. ಒಂದು ಕೈಯಲ್ಲಿ ಸ್ಪ್ಯಾನರ್ ಹಿಡಿದು ಅವನು ಫೋನನ್ನು ಎಡಗಿವಿಗೆ ಒತ್ತಿಕೊಂಡು ಅರ್ಧ ಪುಟ ಹೂಂಗುಟ್ಟುತ್ತಾನೆ. ಅದು ಕೇಳದ ಕಿವಿ. ಕೈತಪ್ಪಿದ್ದಾದರೆ ಮರುಮುದ್ರಣದಲ್ಲಿ ತಿದ್ದಿ. ಬೇಕೆಂದೇ ಬರೆದದ್ದಾದರೆ, ಅವಳು ಆಗ ಹೇಳುತ್ತಿದ್ದದ್ದೇನು ಅಂತ ದಯವಿಟ್ಟು ನನಗೊಂದು ಸಾಲು ಬರೆಯಿರಿ.

— ಸಂಪಾದಕ